ಗಾಡಿಯ ಕಬ್ಬಿಣದ ಚೌಕಟ್ಟಿಗೆ ತಕ್ಕ ಬಣ್ಣವನ್ನು ಆರಿಸುವ ಕ್ರಮ

ಹಿಂದಿನ ಕಾಲದಲ್ಲಿ ರೈತನ ಗಾಡಿಯಲ್ಲಿ ಕಬ್ಬಿಣವು ಅಚ್ಚು, ಹಳಿ, ಕಡಾಣಿ ಮೊದಲಾದ ಕೆಲವೇ ಭಾಗಗಳಿಗೆ ಸೀಮಿತವಾಗಿತ್ತು, ಉಳಿದುದೆಲ್ಲವೂ ಮರದ್ದೇ. ಈಗ ಆ ಸ್ಥಿತಿಯು ಬದಲಾಗಿದೆ. ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಟ್ರೈಲರಿಗೂ, ರಬ್ಬರಿನ ಚಕ್ರಗಳುಳ್ಳ ಎತ್ತಿನ ಗಾಡಿಗೂ ಆಧಾರವಾಗಿರತಕ್ಕದ್ದು ಉಕ್ಕಿನ ತೊಲೆಗಳನ್ನು ಬೆಸೆದು ಮಾಡಿದ ಚೌಕಟ್ಟು. ಕಬ್ಬು, ಭತ್ತ, ಗೊಬ್ಬರ, ಕಲ್ಲು, ಮಣ್ಣು ಎಲ್ಲದರ ಭಾರವನ್ನೂ ಹೊರುವುದು ಇದೇ ಚೌಕಟ್ಟು. ಹೀಗಿದ್ದರೂ ಗಾಡಿಯನ್ನು ಮಾಡಿಸುವಾಗ ಚಕ್ರ, ಹಲಗೆ, ಅಚ್ಚುಗಳ ವಿಷಯದಲ್ಲಿ ಹತ್ತು ಸಲ ವಿಚಾರಿಸುವ ರೈತರು, ಚೌಕಟ್ಟಿನ ಬಣ್ಣದ ವಿಷಯದಲ್ಲಿ ಮಾತ್ರ ಅಂಗಡಿಯವನು ಕೊಟ್ಟುದನ್ನೇ ತಂದು ಬಳಿಸಿಬಿಡುವುದು ವಾಡಿಕೆ. ನಾಲ್ಕಾರು ಮಳೆಗಾಲ ಕಳೆಯುವುದರೊಳಗಾಗಿ ಬಣ್ಣವು ಹಪ್ಪಳದಂತೆ ಎದ್ದು, ಅದರ ಅಡಿಯಲ್ಲಿ ಕಬ್ಬಿಣವು ಪದರ ಪದರವಾಗಿ ಸುಲಿಯತೊಡಗುತ್ತದೆ.

ಇದು ಕೇವಲ ಅಂದಗೇಡಿನ ವಿಷಯವಲ್ಲ. ೧೦೦ ಮಿಲಿಮೀಟರ್ ಎತ್ತರದ ಸಾಮಾನ್ಯ ಉಕ್ಕಿನ ತೊಲೆಯ ನಡುಪಟ್ಟಿಯ ದಪ್ಪವು ಸುಮಾರು ೫ ಮಿಲಿಮೀಟರ್ ಮಾತ್ರ. ಎರಡು ಮೈಗಳಿಂದಲೂ ಒಂದೊಂದು ಮಿಲಿಮೀಟರಿನಷ್ಟು ತುಕ್ಕು ತಿಂದಿತೆಂದರೆ ಐದರಲ್ಲಿ ಎರಡು ಪಾಲು ಕಬ್ಬಿಣವು ಹೋದಂತಾಯಿತು. ಭಾರವು ಮಾತ್ರ ಮೊದಲಿನಷ್ಟೇ ಇರುತ್ತದೆ. ಏರಿನ ಮೇಲೆ ಹೋಗುತ್ತಿರುವ ಗಾಡಿಯ ಮೂಕಿಯು ಬೆಸುಗೆಯ ಬಳಿ ಮುರಿದರೆ ನಷ್ಟವಾಗುವುದು ಸರಕು ಮಾತ್ರವಲ್ಲ. ಹಿಂದೆ ನಡೆದು ಬರುವವರ ಪ್ರಾಣಕ್ಕೂ ಅಪಾಯವುಂಟು. ಆದಕಾರಣ ಬರಿಯ ಕಬ್ಬಿಣದ ಚೌಕಟ್ಟಿಗೆ ಯಾವ ಬಣ್ಣವನ್ನು, ಯಾವ ಕ್ರಮದಲ್ಲಿ ಬಳಿಯತಕ್ಕದ್ದೆಂಬುದನ್ನು ಇಲ್ಲಿ ವಿವರಿಸಿದೆ.

೧. ತುಕ್ಕು ಹಿಡಿಯುವ ಬಗೆ

ಕಬ್ಬಿಣವು ತುಕ್ಕು ಹಿಡಿಯಬೇಕಾದರೆ ನೀರು ಮತ್ತು ಗಾಳಿಯಲ್ಲಿರುವ ಆಮ್ಲಜನಕ ಇವೆರಡೂ ಅವಶ್ಯಕ. ಇವುಗಳೊಡನೆ ಉಪ್ಪಿನ ಅಂಶವು ಸೇರಿದರೆ ಕೆಲಸವು ಬಹಳ ಬೇಗನೆ ಸಾಗುತ್ತದೆ. ಒದ್ದೆಯಾದ ಕಬ್ಬಿಣದ ಮೈಯು ಒಂದು ಸಣ್ಣ ಬ್ಯಾಟರಿಯಂತೆ ವರ್ತಿಸುತ್ತದೆ. ಒಂದು ಕಡೆ ಕಬ್ಬಿಣವು ಕರಗುತ್ತದೆ, ಮತ್ತೊಂದು ಕಡೆ ಆಮ್ಲಜನಕವು ನೀರಿನೊಡನೆ ಕೂಡುತ್ತದೆ, ಎರಡೂ ಸೇರಿ ಕೆಂಪು ತುಕ್ಕಾಗುತ್ತದೆ. ನೀರಿನಲ್ಲಿರುವ ಉಪ್ಪು ಈ ಬ್ಯಾಟರಿಯ ವಿದ್ಯುತ್ತು ಸುಲಭವಾಗಿ ಹರಿಯುವಂತೆ ಮಾಡುತ್ತದೆ.

ಮಳೆಯೇ ಬೀಳಬೇಕೆಂಬ ನಿಯಮವಿಲ್ಲ. ಗಾಳಿಯ ಆರ್ದ್ರತೆಯು ಸುಮಾರು ಶೇಕಡಾ ೬೦ನ್ನು ಮೀರಿದಾಗ, ಧೂಳು ಅಥವಾ ಉಪ್ಪು ಕುಳಿತಿರುವ ಕಬ್ಬಿಣವು ಕಣ್ಣಿಗೆ ನೀರು ಕಾಣದಿದ್ದರೂ ತುಕ್ಕು ಹಿಡಿಯುತ್ತದೆ. ಆದುದರಿಂದ ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಹೆಚ್ಚು ಮಳೆಯಾಗುವ ಆಗುಂಬೆಯ ಕಡೆಯ ಗಾಡಿಗೂ, ಅದರ ಹತ್ತನೆಯ ಒಂದು ಪಾಲೂ ಬೀಳದ ಚಳ್ಳಕೆರೆಯ ಗಾಡಿಗೂ ಒಂದೇ ಉಪಚಾರವು ಸಾಲದು. ಕರಾವಳಿಯಲ್ಲಿ ಕಡಲ ಗಾಳಿಯೇ ಉಪ್ಪನ್ನು ತರುತ್ತದೆ. ಬಯಲುಸೀಮೆಯ ರೈತನಾದರೋ ಆ ಉಪ್ಪನ್ನು ತಾನೇ ಗಾಡಿಗೆ ಹೇರುತ್ತಾನೆ. ಮ್ಯೂರಿಯೇಟ್ ಆಫ್ ಪೊಟ್ಯಾಷ್, ಅಮೋನಿಯಂ ಸಲ್ಫೇಟ್, ಯೂರಿಯಾ ಇವು ಗಾಳಿಯ ತೇವವನ್ನು ಹೀರುವ ಲವಣ ಸ್ವಭಾವದ ವಸ್ತುಗಳು. ಕೊಟ್ಟಿಗೆ ಗೊಬ್ಬರದಲ್ಲಿ ಗಂಜಲದ ಉಪ್ಪು ಇರುತ್ತದೆ. ಚೀಲದಿಂದ ಉದುರಿದ ಒಂದು ಹಿಡಿ ಗೊಬ್ಬರವು ಹಲಗೆಯ ಸಂದಿಯಿಂದ ಇಳಿದು ತೊಲೆಯ ಮೇಲೆ ಕುಳಿತರೆ ಅಲ್ಲಿ ತಿಂಗಳುಗಟ್ಟಲೆ ಒದ್ದೆ ಆರದು.

ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು ಸ್ಥಳವನ್ನು ಆಕ್ರಮಿಸುತ್ತದೆ. ಬಣ್ಣವನ್ನು ಅಡಿಯಿಂದ ಎತ್ತಿ ಸೀಳುವುದು ಈ ಉಬ್ಬುವಿಕೆಯೇ. ತಿಂದು ಹೋದ ತೊಲೆಯು ಮೊದಲಿಗಿಂತ ದಪ್ಪವಾಗಿ ತೋರಿ ನೋಡುವವರನ್ನು ಮೋಸಗೊಳಿಸುವುದಕ್ಕೂ ಇದೇ ಕಾರಣ.

ಹಿಂದಿನವರ ಕಬ್ಬಿಣಕ್ಕೆ ಬಣ್ಣವೇ ಬೇಕಿರಲಿಲ್ಲವೆಂದು ಕೆಲವರು ಹೇಳುವುದುಂಟು. ದೆಹಲಿಯ ಕಬ್ಬಿಣದ ಸ್ತಂಭವು ಸುಮಾರು ೧,೬೦೦ ವರ್ಷಗಳಿಂದ ನಿಂತಿರುವುದು ನಿಜ. ಇದ್ದಲಿನಿಂದ ಕರಗಿಸಿದ ಆ ಕಬ್ಬಿಣದಲ್ಲಿ ರಂಜಕದ ಅಂಶವು ಹೆಚ್ಚಾಗಿದ್ದು, ಅದರಿಂದ ಮೈಯ ಮೇಲೆ ಒಂದು ತೆಳುವಾದ ರಕ್ಷಣೆಯ ಪೊರೆಯು ಉಂಟಾಗಿದೆಯೆಂದು ಲೋಹತಜ್ಞರು ಕಂಡುಕೊಂಡಿದ್ದಾರೆ. ಬೆಸುಗೆಗೆ ಯೋಗ್ಯವಾಗಿರಲೆಂದು ಇಂದಿನ ಉಕ್ಕಿನಲ್ಲಿ ರಂಜಕವನ್ನು ಉದ್ದೇಶಪೂರ್ವಕವಾಗಿಯೇ ಬಹಳ ಕಡಿಮೆ ಮಾಡಿರುತ್ತಾರೆ. ಆದಕಾರಣ ಇದಕ್ಕೆ ನಾವೇ ಪೊರೆಯನ್ನು ತೊಡಿಸಬೇಕು.

೨. ಬಣ್ಣವು ಮಾಡುವ ಕೆಲಸ

ಚೌಕಟ್ಟಿಗೆ ಬಳಿಯುವ ಬಣ್ಣವು ಒಂದೇ ವಸ್ತುವಲ್ಲ. ಎರಡು ಕೆಲಸಗಳಿಗಾಗಿ ಎರಡು ಬಗೆಯ ಲೇಪಗಳು ಬೇಕು. ಪ್ರೈಮರ್ ಎಂದು ಕರೆಯುವ ಅಡಿಲೇಪವು ಕಬ್ಬಿಣವನ್ನು ಹಿಡಿದುಕೊಂಡು, ತುಕ್ಕಿನ ಕ್ರಿಯೆಯನ್ನು ಅದರ ಮೂಲದಲ್ಲಿಯೇ ತಡೆಯತಕ್ಕದ್ದು. ಮೇಲುಲೇಪವು ಮಳೆ, ಬಿಸಿಲು, ಉಜ್ಜಾಟಗಳಿಂದ ಅಡಿಲೇಪವನ್ನು ಕಾಪಾಡತಕ್ಕದ್ದು. ಅಡಿಲೇಪವು ಬೇರಿನಂತೆ, ಮೇಲುಲೇಪವು ತೊಗಟೆಯಂತೆ. ಒಂದಿಲ್ಲದೆ ಮತ್ತೊಂದು ಬಾಳದು.

ಇದನ್ನು ಅರಿಯದಿರುವುದರಿಂದ ಎರಡು ತಪ್ಪುಗಳು ಎಲ್ಲೆಡೆಯೂ ಕಂಡುಬರುತ್ತವೆ. ಮೊದಲನೆಯದು, ಬೆಸುಗೆಯ ಅಂಗಡಿಯಲ್ಲಿ ಒಂದು ತೆಳುವಾದ ಕೆಂಪು ಪ್ರೈಮರನ್ನು ಬಳಿದ ಗಾಡಿಯನ್ನು ಹಾಗೆಯೇ ಮಳೆಗಾಲಕ್ಕೆ ಬಿಡುವುದು. ಅಡಿಲೇಪವು ಸ್ವಭಾವತಃ ಸಚ್ಛಿದ್ರವಾದುದು. ಅದು ನೀರನ್ನು ಹೀರುತ್ತದೆ. ಎರಡನೆಯದು, ಬರಿಯ ಕಬ್ಬಿಣದ ಮೇಲೆ ನೇರವಾಗಿ ಹೊಳೆಯುವ ಎನಾಮಲನ್ನು ಬಳಿಯುವುದು. ಇದು ಮೊದಲ ವರ್ಷ ಕಣ್ಣಿಗೆ ಹಿತವಾಗಿದ್ದು, ಎರಡನೆಯ ವರ್ಷ ಹಾಳೆಯಾಗಿ ಸುಲಿಯುತ್ತದೆ.

೩. ಚೌಕಟ್ಟನ್ನು ಹಸನುಮಾಡುವುದು

ಕೂಳೆ ಕೀಳದ ಹೊಲದಲ್ಲಿ ಉತ್ತಮ ಬೀಜವನ್ನು ಬಿತ್ತಿ ಫಲವಿಲ್ಲ. ಬಣ್ಣಗಳ ಪೈಕಿ ಯಾವುದು ಮೇಲೆಂದು ಕೇಳುವ ಮೊದಲು, ಕಬ್ಬಿಣವನ್ನು ಎಷ್ಟರ ಮಟ್ಟಿಗೆ ಶುದ್ಧಮಾಡಲು ಸಾಧ್ಯವೆಂಬುದನ್ನು ರೈತನು ನಿಶ್ಚಯಿಸಿಕೊಳ್ಳಬೇಕು. ಬಣ್ಣದ ಆಯ್ಕೆಯು ಇದನ್ನೇ ಅವಲಂಬಿಸಿದೆ.

ಹೊಸ ಉಕ್ಕಿನ ಮೈಮೇಲೆ ನೀಲಿಗಪ್ಪು ಬಣ್ಣದ ಗಟ್ಟಿಯಾದ ಪೊರೆಯೊಂದು ಇರುತ್ತದೆ. ಉಕ್ಕನ್ನು ಕಾಯಿಸಿ ಉರುಳೆಗಳಲ್ಲಿ ಒತ್ತುವಾಗ ಹುಟ್ಟಿದ ಹೊಪ್ಪಳೆಯಿದು. ನೋಡಲು ನುಣುಪಾಗಿದ್ದು ರಕ್ಷಣೆಯಂತೆ ತೋರಿದರೂ ಇದು ಕ್ರಮೇಣ ಬಿರಿದು, ಬಿರುಕಿನೊಳಗಿನ ಕಬ್ಬಿಣವನ್ನು ಇನ್ನಷ್ಟು ಬೇಗ ಕೊರೆಯುವಂತೆ ಮಾಡುತ್ತದೆ. ಮರಳು ಅಥವಾ ಉಕ್ಕಿನ ಕಣಗಳನ್ನು ಗಾಳಿಯ ಒತ್ತಡದಿಂದ ಎರಚುವ ಯಂತ್ರದಿಂದ ಇದು ಪೂರ್ತಿಯಾಗಿ ಹೋಗುತ್ತದೆ. ಇಂತಹ ಯಂತ್ರವು ಪಟ್ಟಣಗಳ ಕೆಲವು ಕಾರ್ಖಾನೆಗಳಲ್ಲಿ ದೊರೆಯುತ್ತದೆ; ಒಣ ಮರಳಿನ ಧೂಳು ಶ್ವಾಸಕೋಶಕ್ಕೆ ಮಾರಕವಾದುದರಿಂದ ಈ ಕೆಲಸವನ್ನು ಮನೆಯಲ್ಲಿ ಮಾಡಕೂಡದು. ತಂತಿಯ ಬ್ರಷ್ಷು, ಉಜ್ಜುಕಾಗದ, ತಿರುಗುವ ಕಲ್ಲು ಇವುಗಳಿಂದ ಸಡಿಲವಾದ ಹೊಪ್ಪಳೆ ಮತ್ತು ತುಕ್ಕು ಮಾತ್ರ ಹೋಗುತ್ತವೆ. ಹಳ್ಳಿಯಲ್ಲಿ ಸಾಮಾನ್ಯವಾಗಿ ಸಾಧ್ಯವಾಗುವುದು ಇದೇ.

ಕೈಯಿಂದ ಹಸನುಮಾಡುವ ಕ್ರಮವು ಹೀಗಿದೆ. ಮೊದಲು ಸಾಬೂನಿನ ನೀರಿನಿಂದ ಎಣ್ಣೆ, ಜಿಡ್ಡು, ಗೊಬ್ಬರಗಳನ್ನು ತೊಳೆದು, ಶುದ್ಧವಾದ ನೀರನ್ನು ಹೊಯ್ದು ಒಣಗಿಸಬೇಕು. ಜಿಡ್ಡಿರುವಾಗಲೇ ಬ್ರಷ್ಷಿನಿಂದ ಉಜ್ಜಿದರೆ ಜಿಡ್ಡು ಇಡೀ ಮೈಗೆ ಹರಡುತ್ತದೆ. ಆಮೇಲೆ ಬೆಸುಗೆಯ ಕಿಟ್ಟವನ್ನು ಸುತ್ತಿಗೆಯಿಂದ ತಟ್ಟಿ ತೆಗೆದು, ಸಿಡಿದು ಅಂಟಿದ ಕಬ್ಬಿಣದ ಹನಿಗಳನ್ನು ಉಳಿಯಿಂದ ಕಿತ್ತು, ಚೂಪಾದ ಅಂಚುಗಳನ್ನು ಅರದಿಂದ ಸ್ವಲ್ಪ ಗುಂಡಾಗಿಸಬೇಕು. ಚೂಪು ಅಂಚಿನ ಮೇಲೆ ಬಣ್ಣವು ನಿಲ್ಲದೆ ಜಾರಿ ತೆಳುವಾಗುತ್ತದೆ. ತುಕ್ಕು ಮೊದಲು ತಲೆಯೆತ್ತುವುದು ಅಲ್ಲಿಯೇ. ಅನಂತರ ಕೈಬೆರಳಿಗೆ ಕೆಂಪು ಪುಡಿ ಅಂಟದಿರುವವರೆಗೂ ಉಜ್ಜಿ, ಧೂಳನ್ನು ಒರೆಸಬೇಕು. ಕಡೆಯ ಒರೆಸುವಿಕೆಗೆ ಸೀಮೆಎಣ್ಣೆಯು ಯುಕ್ತವಲ್ಲ. ಅದು ಜಿಡ್ಡನ್ನು ಉಳಿಸುತ್ತದೆ. ಬಣ್ಣಕ್ಕೆ ವಿಹಿತವಾದ ತಿನ್ನರಿನಲ್ಲಿ ಅದ್ದಿದ ಶುಭ್ರವಾದ ಬಟ್ಟೆಯನ್ನೇ ಉಪಯೋಗಿಸತಕ್ಕದ್ದು. ಹೀಗೆ ಹಸನಾದ ಕಬ್ಬಿಣಕ್ಕೆ ಅದೇ ದಿನ ಅಡಿಲೇಪವನ್ನು ಬಳಿಯಬೇಕು. ಒಂದು ರಾತ್ರಿಯ ಇಬ್ಬನಿಯು ಇಡೀ ದಿನದ ಶ್ರಮವನ್ನು ಕೆಡಿಸಬಲ್ಲದು.

೪. ಅಡಿಲೇಪದ ಆಯ್ಕೆ

ಅಂಗಡಿಗಳಲ್ಲಿ ಹೆಚ್ಚಾಗಿ ಮಾರುವುದು ರೆಡ್ ಆಕ್ಸೈಡ್ ಎಂಬ ಕೆಂಪು ಅಡಿಲೇಪ. ಇದರ ಬಣ್ಣಕ್ಕೆ ಕಾರಣವಾದ ಪುಡಿಯು ಕಬ್ಬಿಣದ ಆಕ್ಸೈಡೇ. ಅಂದರೆ ತುಕ್ಕಿನ ಕುಲಕ್ಕೇ ಸೇರಿದ, ಇನ್ನು ಬದಲಾಗದ ವಸ್ತು. ಆ ಕೆಂಪು ಬಣ್ಣದಲ್ಲಿ ತುಕ್ಕನ್ನು ತಡೆಯುವ ಯಾವ ವಿಶೇಷ ಗುಣವೂ ಇಲ್ಲ. ಬರಿಯ ರೆಡ್ ಆಕ್ಸೈಡ್ ಒಂದು ತೆರೆಯಂತೆ ಮಾತ್ರ ಕೆಲಸ ಮಾಡುತ್ತದೆ. ಒಣಪ್ರದೇಶದಲ್ಲಿ, ಮೇಲುಲೇಪವನ್ನು ತಪ್ಪದೆ ಬಳಿಯುವುದಾದರೆ, ಇಷ್ಟೇ ಸಾಕಾಗಬಹುದು. ಮಲೆನಾಡು ಕರಾವಳಿಗಳಿಗೂ, ಗೊಬ್ಬರ ಹೊರುವ ಗಾಡಿಗಳಿಗೂ ಇದು ಸಾಲದು.

ಡಬ್ಬಿಯ ಮೇಲೆ ‘ಜಿಂಕ್’ ಎಂಬ ಶಬ್ದವನ್ನು ಕಂಡ ಮಾತ್ರಕ್ಕೆ ಉತ್ತಮವೆಂದು ಕೊಳ್ಳುವುದು ಮತ್ತೊಂದು ರೂಢಿ. ಈ ಹೆಸರಿನಡಿಯಲ್ಲಿ ಮೂರು ಬೇರೆ ಬೇರೆ ಪದಾರ್ಥಗಳಿವೆ. ಇವುಗಳ ಭೇದವನ್ನು ಓದುಗರು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

(ಅ) ಜಿಂಕ್ ಕ್ರೋಮೇಟ್: ಇದು ಹಳದಿ ಬಣ್ಣದ್ದು, ಕೆಂಪು ಪುಡಿಯೊಡನೆ ಬೆರೆಸಿಯೂ ಮಾರುವರು. ತುಕ್ಕನ್ನು ತಡೆಯುವುದರಲ್ಲಿ ಸಮರ್ಥವಾದುದೇ ಸರಿ. ಆದರೆ ಇದರಲ್ಲಿರುವ ಕ್ರೋಮಿಯಂ ಲವಣವು ಅರ್ಬುದ ರೋಗಕ್ಕೆ ಕಾರಣವೆಂದು ಸಿದ್ಧಪಟ್ಟಿದೆ. ಉಜ್ಜುವಾಗ ಏಳುವ ಧೂಳು ವಿಶೇಷವಾಗಿ ಹಾನಿಕರ. ಬೇರೆ ಬಣ್ಣವು ದೊರೆಯುವಲ್ಲಿ ಇದನ್ನು ಬಿಡುವುದೇ ಲೇಸು.

(ಆ) ಜಿಂಕ್ ಫಾಸ್ಫೇಟ್: ಇದೂ ತುಕ್ಕನ್ನು ತಡೆಯತಕ್ಕದ್ದೇ, ವಿಷದ ಭಯವು ಬಹಳ ಕಡಿಮೆ. ದೆಹಲಿಯ ಸ್ತಂಭವನ್ನು ಕಾಪಾಡಿರುವ ರಂಜಕದ ಲವಣಗಳ ಜಾತಿಗೇ ಇದು ಸೇರಿದುದೆಂಬುದು ಗಮನಾರ್ಹ. ಕೈಯಿಂದ ಉಜ್ಜಿ ಹಸನುಮಾಡಿದ ಚೌಕಟ್ಟಿಗೆ, ಎಣ್ಣೆಯ ಅಂಶವುಳ್ಳ ಆಲ್ಕಿಡ್ ಜಾತಿಯ ಜಿಂಕ್ ಫಾಸ್ಫೇಟ್ ಅಡಿಲೇಪವು ಎಲ್ಲ ದೃಷ್ಟಿಯಿಂದಲೂ ಯೋಗ್ಯವಾದುದು. ಉಳಿದಿರುವ ಅಲ್ಪಸ್ವಲ್ಪ ತುಕ್ಕಿನ ಸಂದುಗಳಿಗೆ ಇದು ನಿಧಾನವಾಗಿ ಇಳಿದು ಹಿಡಿದುಕೊಳ್ಳುತ್ತದೆ.

(ಇ) ಜಿಂಕ್ ರಿಚ್: ಇದು ಸತುವಿನ ಲೋಹದ ಪುಡಿಯಿಂದಲೇ ಮಾಡಿದ ಬೂದು ಬಣ್ಣದ ಲೇಪ. ಒಣಗಿದ ಲೇಪದ ತೂಕದಲ್ಲಿ ಶೇಕಡಾ ೮೦ಕ್ಕೆ ಕಡಿಮೆಯಿಲ್ಲದಂತೆ ಸತುವಿರಬೇಕೆಂದು ಅಂತರರಾಷ್ಟ್ರೀಯ ಮಾನದಂಡವು ವಿಧಿಸುತ್ತದೆ. ಸತುವು ಕಬ್ಬಿಣಕ್ಕಿಂತ ಬೇಗ ಕರಗುವ ಸ್ವಭಾವದ್ದಾದುದರಿಂದ, ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಗೀರು ಬಿದ್ದಲ್ಲಿಯೂ ರಕ್ಷಣೆಯು ದೊರೆಯುತ್ತದೆ. ಆದರೆ ಸತುವಿನ ಕಣವು ಕಬ್ಬಿಣವನ್ನು ನೇರವಾಗಿ ಮುಟ್ಟಿದರೆ ಮಾತ್ರ ಈ ಗುಣವು ಫಲಿಸುತ್ತದೆ. ಮರಳೆರಚಿ ಬಿಳುಪಾಗಿಸಿದ ಉಕ್ಕಿಗೆ ಇದು ಶ್ರೇಷ್ಠ. ತುಕ್ಕು, ಹೊಪ್ಪಳೆ ಅಥವಾ ಹಳೆಯ ಬಣ್ಣದ ಮೇಲೆ ಬಳಿದರೆ ಕೊಟ್ಟ ಹಣವೆಲ್ಲವೂ ವ್ಯರ್ಥ.

ಇವಲ್ಲದೆ ಎರಡು ಡಬ್ಬಿಗಳಲ್ಲಿ ಬರುವ, ಕಲಸಿ ಬಳಿಯತಕ್ಕ ಎಪಾಕ್ಸಿ ಲೇಪವುಂಟು. ಇದು ಕಲ್ಲಿನಂತೆ ಗಟ್ಟಿಯಾಗಿ, ಗೊಬ್ಬರದ ಉಪ್ಪು, ಗಂಜಲ, ಡೀಸೆಲ್ ಎಣ್ಣೆಗಳನ್ನು ಚೆನ್ನಾಗಿ ತಡೆಯುತ್ತದೆ. ಕರಾವಳಿಯವರಿಗೂ, ಗೊಬ್ಬರವನ್ನು ಯಾವಾಗಲೂ ಸಾಗಿಸುವವರಿಗೂ ಇದು ಉತ್ತಮ. ಎರಡು ಭಾಗಗಳನ್ನೂ ಡಬ್ಬಿಯಲ್ಲಿ ಹೇಳಿದ ಪ್ರಮಾಣದಲ್ಲಿಯೇ ಬೆರೆಸಿ, ಹೇಳಿದ ವೇಳೆಯೊಳಗೆ ಮುಗಿಸಬೇಕು. ಹಳೆಯ ಎನಾಮಲಿನ ಮೇಲೆ ಇದನ್ನು ಬಳಿಯಕೂಡದು. ಇದರ ದ್ರಾವಕವು ಹಳೆಯ ಬಣ್ಣವನ್ನು ಸುಕ್ಕುಗಟ್ಟಿಸಿ ಎಬ್ಬಿಸುತ್ತದೆ.

೫. ಸೀಸದ ಸಿಂಧೂರದ ವಿಷಯದಲ್ಲಿ ಎಚ್ಚರಿಕೆ

ಅಗಸೆ ಎಣ್ಣೆಯಲ್ಲಿ ಅರೆದ ಸೀಸದ ಸಿಂಧೂರವು ಬಹುಕಾಲ ಕಬ್ಬಿಣಕ್ಕೆ ಸರ್ವೋತ್ಕೃಷ್ಟವಾದ ಅಡಿಲೇಪವೆಂದು ಗಣ್ಯವಾಗಿತ್ತು. ಸೇತುವೆಗಳಿಗೂ ಹಡಗುಗಳಿಗೂ ಅದನ್ನೇ ಬಳಿಯುತ್ತಿದ್ದರು. ಸೀಸದ ಬಣ್ಣದಿಂದ ಕಬ್ಬಿಣವನ್ನು ರಕ್ಷಿಸುವ ವಿದ್ಯೆಯು ಬಹು ಪುರಾತನವಾದುದು. ಬಿಳಿ ಸೀಸ, ಜಿಪ್ಸಂ ಮತ್ತು ಮರದ ರಾಳಗಳಿಂದ ತುಕ್ಕನ್ನು ತಡೆಯಬಹುದೆಂದು ರೋಮಿನ ಪ್ಲಿನಿಯು ಒಂದನೆಯ ಶತಮಾನದಲ್ಲಿಯೇ ಬರೆದಿಟ್ಟಿದ್ದಾನೆ. ಆದರೆ ಸೀಸವು ವಿಷ. ಮಕ್ಕಳ ಬುದ್ಧಿಬೆಳವಣಿಗೆಯನ್ನು ಅದು ಕುಂದಿಸುತ್ತದೆ.

ರೈತರಿಗೆ ಇದರಲ್ಲಿ ಮತ್ತೊಂದು ಅಪಾಯವಿದೆ. ದನಗಳಿಗೆ, ಅದರಲ್ಲಿಯೂ ಕರುಗಳಿಗೆ, ಬಣ್ಣ ಬಳಿದ ವಸ್ತುಗಳನ್ನು ನೆಕ್ಕುವ ಚಾಳಿಯುಂಟು. ಹಳೆಯ ಸೀಸದ ಬಣ್ಣವನ್ನು ನೆಕ್ಕಿದ ದನವು ಕಣ್ಣು ಕಾಣದಂತಾಗಿ, ಹಲ್ಲು ಕಡಿದು, ಗೋಡೆಗೆ ತಲೆಯೊತ್ತಿ, ಸೆಳವು ಬಂದು ಸಾಯುವುದುಂಟು. ಆದಕಾರಣ ಕಿತ್ತಳೆಗೆಂಪಿನ ಹಳೆಯ ಲೇಪವುಳ್ಳ ಚೌಕಟ್ಟನ್ನು ಕೊಟ್ಟಿಗೆಯ ಬಳಿ ಕೆರೆಯಕೂಡದು, ಸುಡಲೂ ಕೂಡದು. ಒದ್ದೆಮಾಡಿಕೊಂಡು ಕೆರೆದು, ಉದುರಿದುದೆಲ್ಲವನ್ನೂ ಕೆಳಗೆ ಹಾಸಿದ ಹಾಳೆಯಲ್ಲಿ ಹಿಡಿದು, ಮುಚ್ಚಳವುಳ್ಳ ಡಬ್ಬಿಯಲ್ಲಿ ತುಂಬಿಡಬೇಕು. ಅದನ್ನು ತಿಪ್ಪೆಗಾಗಲಿ ಕೆರೆಗಾಗಲಿ ಹಾಕಕೂಡದು. ೨೦೧೬ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ನಿಯಮಗಳ ಪ್ರಕಾರ ಮನೆಗಳಿಗೆ ಬಳಿಯುವ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ ೯೦ ಭಾಗಗಳನ್ನು ಮೀರಕೂಡದು. ಈ ನಿಯಮವು ಗೃಹೋಪಯೋಗಿ ಮತ್ತು ಅಲಂಕಾರದ ಬಣ್ಣಗಳಿಗೆ ಸಂಬಂಧಿಸಿದುದಾದ ಕಾರಣ, ಗಾಡಿಗೆಂದು ಕೊಳ್ಳುವ ಡಬ್ಬಿಯ ಮೇಲೆ ಸೀಸವಿಲ್ಲವೆಂದು ಬರೆದಿದೆಯೇ ಎಂಬುದನ್ನು ರೈತನೇ ನೋಡಿಕೊಳ್ಳಬೇಕು.

೬. ಮೇಲುಲೇಪದ ಆಯ್ಕೆ

ಆಲ್ಕಿಡ್ ಜಾತಿಯ ಅಡಿಲೇಪದ ಮೇಲೆ ಸಿಂಥೆಟಿಕ್ ಎನಾಮಲ್ ಎಂದು ಮಾರುವ ಬಣ್ಣವು ಸರಿಹೊಂದುತ್ತದೆ. ಇದನ್ನು ಕುಂಚದಿಂದ ಬಳಿಯಬಹುದು; ಎಲ್ಲೆಡೆಯೂ ದೊರೆಯುತ್ತದೆ; ಗೀರು ಬಿದ್ದಾಗ ಮನೆಯಲ್ಲಿಯೇ ತೇಪೆ ಹಾಕಬಹುದು. ಹಳ್ಳಿಯ ಗಾಡಿಗೆ ಈ ಕಡೆಯ ಗುಣವು ಬಹಳ ದೊಡ್ಡದು.

ಎಪಾಕ್ಸಿಯು ಬಿಸಿಲನ್ನು ತಾಳದು. ಕೆಲವು ತಿಂಗಳಲ್ಲಿ ಸುಣ್ಣದಂತೆ ಪುಡಿಯಾಗತೊಡಗುತ್ತದೆ. ಆದ್ದರಿಂದ ಬಿಸಿಲು ತಗಲುವ ಭಾಗಗಳಲ್ಲಿ ಅದರ ಮೇಲೆ ಪಾಲಿಯುರಿಥೇನ್ ಎಂಬ ಎರಡು ಡಬ್ಬಿಯ ಬಣ್ಣವನ್ನು ಬಳಿಯಬೇಕು. ಇದರ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಎಂಬ ವಸ್ತುವಿದ್ದು, ಅದರ ತುಂತುರು ಉಬ್ಬಸವನ್ನುಂಟುಮಾಡುತ್ತದೆ. ತಕ್ಕ ಉಸಿರಾಟದ ಸಾಧನವಿಲ್ಲದವರು ಇದನ್ನು ತುಂತುರು ಯಂತ್ರದಿಂದ ಹೊಡೆಯಕೂಡದು.

೭. ಎಣ್ಣೆ ಮತ್ತು ಡಾಂಬರು

ಖರ್ಚಿಲ್ಲದ ಉಪಾಯವೆಂದು ಯಂತ್ರದಿಂದ ತೆಗೆದ ಹಳೆಯ ಎಣ್ಣೆಯನ್ನು ಚೌಕಟ್ಟಿಗೆ ಬಳಿಯುವವರು ಬಹಳ ಮಂದಿ. ಇದು ಒಣಗಿ ಪೊರೆಯಾಗುವುದಿಲ್ಲ. ಧೂಳನ್ನೂ ಗೊಬ್ಬರವನ್ನೂ ಹಿಡಿದು ಒದ್ದೆಯ ಮುದ್ದೆಯಾಗುತ್ತದೆ. ಮಳೆಯಲ್ಲಿ ತೊಳೆದು ಹೊಲಕ್ಕೆ ಇಳಿಯುತ್ತದೆ. ಮುಂದೆ ಬಣ್ಣ ಬಳಿಯಬೇಕೆಂದಾಗ ಯಾವ ಬಣ್ಣವೂ ಅದರ ಮೇಲೆ ನಿಲ್ಲದು. ಹೊಂಗೆ, ಹರಳು, ಕಡಲೆಕಾಯಿ ಎಣ್ಣೆಗಳೂ ಅಗಸೆ ಎಣ್ಣೆಯಂತೆ ಗಾಳಿಯಲ್ಲಿ ಗಟ್ಟಿಯಾಗುವ ಜಾತಿಯವಲ್ಲ. ಅವು ಅಚ್ಚಿಗೂ ಮರಕ್ಕೂ ಸರಿ. ಚೌಕಟ್ಟಿನ ರಕ್ಷಣೆಗೆ ಅಲ್ಲ.

ಡಾಂಬರಿನ ಕಪ್ಪು ಬಣ್ಣವು ನೀರನ್ನು ಚೆನ್ನಾಗಿ ತಡೆಯುತ್ತದೆ. ಬಿಸಿಲು ಕಾಣದ ಅಡಿಭಾಗಕ್ಕೆ, ಕೆಸರೆರಚುವ ಚಕ್ರದ ಬಳಿಗೆ, ಅಡಿಲೇಪದ ಮೇಲೆ ಇದನ್ನು ಉಪಯೋಗಿಸಬಹುದು. ಬಿಸಿಲಿಗೆ ಇದು ಬಿರಿಯುತ್ತದೆ. ಬಿರಿದ ಸಂದಿಯಿಂದ ಒಳಹೊಕ್ಕ ನೀರು ಹೊರಬರಲಾರದೆ ಬೇಲಿಯೇ ಎದ್ದು ಹೊಲವನ್ನು ಮೇಯ್ದಂತಾಗುತ್ತದೆ. ಇದರ ಮೇಲೆ ಎನಾಮಲನ್ನು ಬಳಿದರೆ ಕಪ್ಪು ಕಲೆಯು ಮೇಲಕ್ಕೆ ಹೊಮ್ಮುತ್ತದೆ. ಒಮ್ಮೆ ಡಾಂಬರು ಬಳಿದ ಮೇಲೆ ಡಾಂಬರೇ ಗತಿಯೆಂದು ತಿಳಿದು ಆರಂಭಿಸಬೇಕು.

೮. ಸತುವಿನ ಕಲಾಯಿ

ಹೊಸದಾಗಿ ಗಾಡಿಯನ್ನು ಮಾಡಿಸುವವರು ಬಣ್ಣಕ್ಕೆ ಬದಲಾಗಿ, ಚೌಕಟ್ಟನ್ನು ಸುಮಾರು ೪೫೦ ಡಿಗ್ರಿ ಸೆಂಟಿಗ್ರೇಡಿನ ಕರಗಿದ ಸತುವಿನಲ್ಲಿ ಅದ್ದಿಸುವುದನ್ನೂ ಆಲೋಚಿಸಬಹುದು. ೬ ಮಿಲಿಮೀಟರಿಗೆ ಮೇಲ್ಪಟ್ಟ ದಪ್ಪದ ಉಕ್ಕಿಗೆ ಸರಾಸರಿ ೮೫ ಮೈಕ್ರಾನ್, ೩ ರಿಂದ ೬ ಮಿಲಿಮೀಟರಿನದಕ್ಕೆ ೭೦ ಮೈಕ್ರಾನ್ ದಪ್ಪದ ಸತುವು ಹಿಡಿಯಬೇಕೆಂಬುದು ಅಂತರರಾಷ್ಟ್ರೀಯ ಮಾನದಂಡ. ಕೊಳವೆಯ ಒಳಮೈಗೂ ಸತುವು ತಲಪುವುದು ಇದರ ವಿಶೇಷ. ಮುಚ್ಚಿದ ಕೊಳವೆಗಳಿಗೆ ಗಾಳಿ ಹೊರಡುವ ರಂಧ್ರಗಳನ್ನು ಮೊದಲೇ ಕೊರೆದಿರಬೇಕು. ಇಲ್ಲವಾದರೆ ಕರಗಿದ ಸತುವಿನಲ್ಲಿ ಅವು ಸಿಡಿಯುತ್ತವೆ. ಎಲ್ಲ ಬೆಸುಗೆಯೂ ಮುಗಿದ ಮೇಲೆಯೇ ಅದ್ದಿಸತಕ್ಕದ್ದು. ಕಲಾಯಿಯ ಮೇಲೆ ಸಾಮಾನ್ಯ ಎನಾಮಲನ್ನು ನೇರವಾಗಿ ಬಳಿದರೆ, ಸತುವು ಅದರ ಎಣ್ಣೆಯೊಡನೆ ಕೂಡಿ ಸಾಬೂನಿನಂಥ ಪದರವಾಗಿ ಬಣ್ಣವು ಕಳಚುತ್ತದೆ.

೯. ಪ್ರಮಾಣದ ಲೆಕ್ಕ

ಉದಾಹರಣೆಗೆ ಒಂದು ಟ್ರೈಲರಿನಲ್ಲಿ ೧೦೦ ಮಿಲಿಮೀಟರಿನ ತೊಲೆಗಳು ಹೀಗಿವೆಯೆಂದು ಭಾವಿಸೋಣ: ಉದ್ದದವು ಮೂರೂವರೆ ಮೀಟರಿನ ಎರಡು, ಅಡ್ಡದವು ೧.೮ ಮೀಟರಿನ ಏಳು, ಮೂಕಿಗೆ ಒಂದೂವರೆ ಮೀಟರಿನ ಎರಡು. ಒಟ್ಟು ಉದ್ದ ೨೨.೬ ಮೀಟರ್. ಮೀಟರಿಗೆ ಸುಮಾರು ೯.೫ ಕಿಲೋಗ್ರಾಮಿನಂತೆ ಕಬ್ಬಿಣದ ತೂಕವು ೨೧೫ ಕಿಲೋಗ್ರಾಂ. ತೊಲೆಯ ಸುತ್ತಳತೆಯು ಸುಮಾರು ೦.೪ ಮೀಟರಾದುದರಿಂದ ಬಳಿಯತಕ್ಕ ಮೈಯು ೯ ಚದರ ಮೀಟರ್. ಒಂದು ಲೀಟರು ಬಣ್ಣವು ಒಂದು ಸಲಕ್ಕೆ ಸುಮಾರು ೧೦ ಚದರ ಮೀಟರಿಗೆ ಸಾಕು. ಅಡಿಲೇಪ ಎರಡು, ಮೇಲುಲೇಪ ಎರಡು ಸಲಕ್ಕೆ ಒಟ್ಟು ನಾಲ್ಕು ಲೀಟರು ಬಣ್ಣವಾಯಿತು. ೨೧೫ ಕಿಲೋಗ್ರಾಂ ಉಕ್ಕಿನ ಬೆಲೆಯನ್ನು ಈ ನಾಲ್ಕು ಲೀಟರುಗಳ ಬೆಲೆಯೊಡನೆ ಪ್ರತಿಯೊಬ್ಬರೂ ತಮ್ಮ ಊರಿನ ದರದಂತೆ ಹೋಲಿಸಿ ನೋಡಬಹುದು.

ಒಂದು ಲೀಟರನ್ನು ೧೦ ಚದರ ಮೀಟರಿಗೆ ಹರಡಿದರೆ ಒದ್ದೆಯಾಗಿರುವಾಗ ಅದರ ದಪ್ಪವು ೧೦೦ ಮೈಕ್ರಾನ್. ದ್ರಾವಕವು ಆರಿದ ಮೇಲೆ ಉಳಿಯುವುದು ೪೦ ಮೈಕ್ರಾನಿನಷ್ಟು. ನಾಲ್ಕು ಲೇಪಗಳೂ ಸೇರಿ ಎರಡು ತಲೆಗೂದಲಿನ ದಪ್ಪವಾಗುತ್ತದೆ. ಲೀಟರಿಗೆ ಅರ್ಧ ಲೀಟರು ತಿನ್ನರನ್ನು ಸುರಿದು ಬಣ್ಣವನ್ನು ಉಳಿಸಿದೆವೆಂದು ಸಂತೋಷಪಡುವವರು ಉಳಿಸುವುದು ತುಕ್ಕಿಗೆ ದಾರಿಯನ್ನು ಮಾತ್ರ. ತಿನ್ನರು ಹಾರಿಹೋಗುತ್ತದೆ, ಪೊರೆಯು ಅಷ್ಟಕ್ಕಷ್ಟು ತೆಳುವಾಗುತ್ತದೆ.

೧೦. ಬಳಿಯುವ ಕ್ರಮ

ಬಣ್ಣದ ಕೆಲಸಕ್ಕೆ ಮಳೆಯಿಲ್ಲದ ದಿನವನ್ನು ಆರಿಸಿಕೊಂಡು, ಇಬ್ಬನಿಯು ಪೂರ್ತಿ ಆರಿದ ಮೇಲೆ ಆರಂಭಿಸಿ, ಸಂಜೆಯ ತಂಪಿಗೆ ಮೊದಲೇ ನಿಲ್ಲಿಸಬೇಕು. ಮುಟ್ಟಿದರೆ ಕೈ ಸುಡುವಷ್ಟು ಕಾದ ಕಬ್ಬಿಣಕ್ಕೂ ಬಳಿಯಕೂಡದು. ಡಬ್ಬಿಯ ತಳಕ್ಕೆ ಇಳಿದ ಪುಡಿಯೇ ಬಣ್ಣದ ಸತ್ವವಾದುದರಿಂದ ಅದನ್ನು ಕೋಲಿನಿಂದ ಚೆನ್ನಾಗಿ ಕದಡಿ ಬೆರೆಸಬೇಕು.

ಮೊದಲು ಬೆಸುಗೆಗಳು, ಅಂಚುಗಳು, ಬೋಲ್ಟಿನ ರಂಧ್ರಗಳು, ಒಳಮೂಲೆಗಳು ಇವಿಷ್ಟಕ್ಕೆ ಮಾತ್ರ ಸಣ್ಣ ಕುಂಚದಿಂದ ಒಂದು ಪಟ್ಟಿಯಾಗಿ ಬಳಿದು, ಆಮೇಲೆ ಪೂರ್ಣ ಲೇಪವನ್ನು ಕೊಡತಕ್ಕದ್ದು. ಆಲ್ಕಿಡ್ ಲೇಪಗಳ ನಡುವೆ ಒಂದು ರಾತ್ರಿಯ ಅವಧಿಯನ್ನು ಬಿಡಬೇಕು. ಎರಡನೆಯ ಲೇಪಕ್ಕೆ ಬೇರೆ ಛಾಯೆಯನ್ನು ಉಪಯೋಗಿಸಿದರೆ ಬಿಟ್ಟುಹೋದ ಸ್ಥಳಗಳು ಕೂಡಲೇ ಗೊತ್ತಾಗುತ್ತವೆ. ಹಲಗೆಗಳನ್ನು ಕೂರಿಸುವ ಮೊದಲೇ ಅವುಗಳ ಅಡಿಗೆ ಬರುವ ತೊಲೆಯ ಮೈಗೆ ನಾಲ್ಕು ಲೇಪಗಳೂ ಮುಗಿದಿರಬೇಕು. ಮರವು ಒದ್ದೆಯನ್ನು ಹಿಡಿದಿಡುವ ಆ ಜಾಗಕ್ಕೆ ಮತ್ತೆ ಕುಂಚವು ತಲಪುವುದಿಲ್ಲ. ಪೆಟ್ಟಿಗೆಯಾಕಾರದ ತೊಲೆಗಳ ತಗ್ಗಿನ ತುದಿಯಲ್ಲಿ ನೀರು ಇಳಿಯಲು ಒಂದು ರಂಧ್ರವಿರುವುದು ಅವಶ್ಯಕ.

ಗ್ರೀಸಿನ ಬಾಯಿಗಳು, ಬ್ರೇಕಿನ ಉಜ್ಜುವ ಭಾಗಗಳು, ಕೊಂಡಿಯ ಒಳಮೈ, ಪ್ರತಿಫಲಕಗಳು, ಚೌಕಟ್ಟಿನ ಮೇಲೆ ಕೆತ್ತಿದ ಸಂಖ್ಯೆ ಇವುಗಳಿಗೆ ಬಣ್ಣವು ತಗಲಬಾರದು.

೧೧. ವರ್ಷಂಪ್ರತಿ ಪರೀಕ್ಷೆ

ಯಾವ ಬಣ್ಣವೂ ಶಾಶ್ವತವಲ್ಲ. ಗೊಬ್ಬರವನ್ನು ಹೊತ್ತ ದಿನವೇ ಗಾಡಿಯ ಮೇಲೂ ಕೆಳಗೂ ನೀರು ಹೊಯ್ದು ತೊಳೆಯುವುದು ಯಾವ ಬಣ್ಣಕ್ಕಿಂತಲೂ ಅಗ್ಗವಾದ ರಕ್ಷಣೆ. ಮುಂಗಾರಿಗೆ ಮೊದಲೊಮ್ಮೆ, ಸುಗ್ಗಿಯಾದ ಮೇಲೊಮ್ಮೆ ಚೌಕಟ್ಟಿನ ಅಡಿಭಾಗವನ್ನು ಪರೀಕ್ಷಿಸಿ, ಗೀರುಗಳನ್ನು ಉಜ್ಜಿ, ಅಡಿಲೇಪ ಮೇಲುಲೇಪಗಳ ತೇಪೆಯನ್ನು ಹಾಕಬೇಕು.

ಮೂಕಿಯು ಚೌಕಟ್ಟಿಗೆ ಕೂಡುವ ಬೆಸುಗೆ, ಕೊಂಡಿಯ ಬುಡ, ಅಚ್ಚಿನ ಆಧಾರ ಈ ಮೂರನ್ನೂ ಬಣ್ಣದ ಹೊರಮೈಯಿಂದ ನಿರ್ಣಯಿಸಕೂಡದು. ಮೇಲೆ ಬಸಪ್ಪ, ಒಳಗೆ ವಿಷಪ್ಪ ಎಂಬಂತೆ ಹೊಸ ಎನಾಮಲಿನ ಅಡಿಯಲ್ಲಿ ಹಳೆಯ ತುಕ್ಕು ಅಡಗಿರಬಹುದು. ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಗಟ್ಟಿಯಾದ ಉಕ್ಕು ಗಣಗಣಿಸುತ್ತದೆ, ತಿಂದುಹೋದುದು ಮಂದವಾಗಿ ನುಡಿದು ಹೊಪ್ಪಳೆಯನ್ನು ಉದುರಿಸುತ್ತದೆ. ಬಿರುಕಿನ ಉದ್ದಕ್ಕೂ ತುಕ್ಕಿನ ಸಣ್ಣ ಗೆರೆಯು ಕಂಡರೆ ಗಾಡಿಗೆ ಭಾರವನ್ನು ಹೇರದೆ, ಕುಶಲನಾದ ಬೆಸುಗೆಗಾರನಿಗೆ ತೋರಿಸಬೇಕು. ದಪ್ಪವು ಹೋದ ಕಬ್ಬಿಣವನ್ನು ಬದಲಿಸಬೇಕೇ ಹೊರತು ಬಣ್ಣದಿಂದ ತುಂಬಲಾಗದು.

೧೨. ಸಾರಾಂಶ

(೧) ಕೈಯಿಂದ ಹಸನುಮಾಡಿದ ಸಾಮಾನ್ಯ ಗಾಡಿಗೆ: ಆಲ್ಕಿಡ್ ಜಿಂಕ್ ಫಾಸ್ಫೇಟ್ ಎರಡು ಲೇಪ, ಅದರ ಮೇಲೆ ಸಿಂಥೆಟಿಕ್ ಎನಾಮಲ್ ಎರಡು ಲೇಪ.

(೨) ಕರಾವಳಿಯಲ್ಲಿಯೂ, ಗೊಬ್ಬರದ ಗಾಡಿಗೂ: ಹಳೆಯ ಬಣ್ಣವಿಲ್ಲದ, ಚೆನ್ನಾಗಿ ಹಸನಾದ ಕಬ್ಬಿಣದ ಮೇಲೆ ಎಪಾಕ್ಸಿ, ಬಿಸಿಲಿನ ಭಾಗಕ್ಕೆ ಪಾಲಿಯುರಿಥೇನ್.

(೩) ಮರಳೆರಚಿ ಶುದ್ಧಮಾಡಿಸಲು ಸಾಧ್ಯವಾದವರಿಗೆ ಮಾತ್ರ: ಜಿಂಕ್ ರಿಚ್ ಅಡಿಲೇಪ, ಅದಕ್ಕೆ ಹೊಂದುವ ಎಪಾಕ್ಸಿಯ ಮೇಲುಹೊದಿಕೆ.

(೪) ಹೊಸ ಚೌಕಟ್ಟಿಗೆ, ಸೌಕರ್ಯವಿದ್ದಲ್ಲಿ: ಸತುವಿನ ಕಲಾಯಿ.

(೫) ಸೀಸದ ಬಣ್ಣ, ಹಳೆಯ ಯಂತ್ರದೆಣ್ಣೆ, ಮೇಲುಲೇಪವಿಲ್ಲದ ಬರಿಯ ಕೆಂಪು ಪ್ರೈಮರ್: ಇವು ಮೂರೂ ವರ್ಜ್ಯ.

ತಂತಿಯ ಬ್ರಷ್ಷು, ತಿರುಗುವ ಕಲ್ಲು, ಅರ, ಕುಂಚಗಳನ್ನು ಪ್ರತಿಯೊಬ್ಬ ರೈತನೂ ಬೇರೆ ಬೇರೆಯಾಗಿ ಕೊಳ್ಳುವುದು ಕಷ್ಟ. ಗ್ರಾಮದ ಮುಖಂಡರು ಸಹಕಾರ ಸಂಘದ ಮೂಲಕ ಒಂದು ಜೊತೆ ಸಾಮಾನುಗಳನ್ನು ತರಿಸಿಟ್ಟು, ಬಣ್ಣವನ್ನು ದೊಡ್ಡ ಡಬ್ಬಿಗಳಲ್ಲಿ ಒಟ್ಟಿಗೆ ಕೊಂಡು, ಬೇಸಗೆಯ ಬಿಡುವಿನಲ್ಲಿ ಊರಿನ ಗಾಡಿಗಳನ್ನೆಲ್ಲ ಸರದಿಯಂತೆ ಹಸನುಮಾಡಿಸಿದರೆ ಖರ್ಚೂ ಕಡಿಮೆಯಾಗುವುದು, ಕೆಲಸವೂ ನೇರ್ಪಾಗಿ ನಡೆಯುವುದು. ಆ ಸಂದರ್ಭದಲ್ಲಿಯೇ ಎಲ್ಲ ಗಾಡಿಗಳ ಮೂಕಿ, ಕೊಂಡಿಗಳನ್ನೂ ಸುತ್ತಿಗೆಯಿಂದ ತಟ್ಟಿ ಪರೀಕ್ಷಿಸಿಬಿಡುವುದು ಮೇಲು.